ಒಂದೇ ಸಾಲಿನ ಮೂರು ಸೀಟು

ಇಬ್ಬರು ತಾಯಂದಿರ ಮಗಳು ಎಂದು ಹೇಳಿಕೊಳ್ಳುವ ಹಕ್ಕು ನನಗಿಂತ ನನ್ನ ಅಕ್ಕನಿಗೆ ಹೆಚ್ಚು.

ನಮ್ಮಪ್ಪನಿಗೆ ಇಬ್ಬರು ಹೆಂಡಿರು. ಮೊದಲನೆಯವರನ್ನು ನಾನು ದೊಡ್ಡವ್ವ ಎನ್ನುತ್ತೇನೆ. ಅವರು ಹೊಳೆನರಸೀಪುರದ ಹತ್ತಿರ ಅಪ್ಪನ ಊರಿನಲ್ಲೇ ಇರುವವರು. ಅವರಿಗೆ ಒಬ್ಬಳು ಮಗಳು, ಒಬ್ಬ ಮಗ. ಎರಡನೆಯವಳು ನನ್ನವ್ವ, ಅರಕಲಗೂಡಿನವಳು. ಹಾಸನದಲ್ಲಿ ಅಂಗನವಾಡಿ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ, ಆಲೂಗಡ್ಡೆ ಮಂಡಿಗೆ ಬಂದು ಹೋಗುತ್ತಿದ್ದ ಅಪ್ಪನ ಪರಿಚಯವಾಗಿ, ಅವನಿಗೆ ಹೆಂಡತಿ ಮಕ್ಕಳಿರುವುದು ಗೊತ್ತಿದ್ದೂ ಮದುವೆಯಾದಳು. ಅಪ್ಪ ವಾರದಲ್ಲಿ ಮೂರು ದಿನ ಹಾಸನದ ನಮ್ಮ ಬಾಡಿಗೆ ಮನೆಯಲ್ಲಿ, ಉಳಿದ ದಿನ ಊರಿನಲ್ಲಿ ಇರುತ್ತಿದ್ದ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಅಪ್ಪಂದಿರು ಇರುವುದೇ ಹಾಗೆ ಎಂದುಕೊಂಡಿದ್ದೆ.

ದೊಡ್ಡವ್ವನ ಮಗಳು, ಅಂದರೆ ನನ್ನ ಅಕ್ಕ, ಪಿಯುಸಿ ಓದಲು ಹಾಸನಕ್ಕೆ ಬಂದಾಗ ಅಪ್ಪ ಅವಳನ್ನು ನಮ್ಮ ಮನೆಯಲ್ಲೇ ಬಿಟ್ಟ. ದೊಡ್ಡವ್ವ ಹೂಂ ಅಂದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಎರಡು ವರ್ಷ ಅಕ್ಕ ನನ್ನ ಪಕ್ಕದಲ್ಲೇ ಮಲಗಿದಳು. ಅವ್ವ ಬೆಳಿಗ್ಗೆ ನಮ್ಮಿಬ್ಬರನ್ನೂ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು, ಇಬ್ಬರಿಗೂ ಡಬ್ಬಿ ಕಟ್ಟುತ್ತಿದ್ದಳು. ಅಕ್ಕ ಅವಳನ್ನು ಚಿಕ್ಕವ್ವ ಎಂದು ಕರೆಯಲು ಶುರುಮಾಡಿದ್ದು ಆಗಲೇ. ಆದರೆ ದೊಡ್ಡವ್ವನಿಗೂ ಅವ್ವನಿಗೂ ಮಾತಿರಲಿಲ್ಲ. ಅಪ್ಪ ತೀರಿಕೊಂಡ ದಿನ ಹೆಣದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕುಳಿತಿದ್ದರು. ಆಮೇಲೂ ಒಬ್ಬರ ಸುದ್ದಿ ಒಬ್ಬರಿಗೆ ತಲುಪುತ್ತಿದ್ದದ್ದು ಮಕ್ಕಳಾದ ನಮ್ಮ ಬಾಯಿಂದಲೇ. ಜಗಳ ಆಡಿದ್ದನ್ನೂ ನಾನು ನೋಡಿಲ್ಲ. ಮಾತಿಲ್ಲ, ಅಷ್ಟೇ.

ಅಕ್ಕನ ಗಂಡನಿಗೆ ಪುಣೆಯಲ್ಲಿ ಕಾರ್ಖಾನೆ ಕೆಲಸ. ಬಹಳ ವರ್ಷ ಬಾಡಿಗೆ ಮನೆಗಳಲ್ಲಿದ್ದು, ಎರಡು ವರ್ಷದ ಹಿಂದೆ ಅವರು ಸ್ವಂತದ್ದೊಂದು ಮನೆ ಮಾಡಿಕೊಂಡರು. ಗೃಹಪ್ರವೇಶಕ್ಕೆ ದಿನ ಗೊತ್ತಾದ ಸಂಜೆಯೇ ಅಕ್ಕ ನನಗೆ ಫೋನ್ ಮಾಡಿದಳು. ಇಬ್ಬರು ಅವ್ವಂದಿರೂ ಬರಬೇಕು, ಒಬ್ಬರನ್ನೇ ಕರೆದುಕೊಂಡು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ ಎಂದಳು. ನಗುತ್ತಲೇ ಹೇಳಿದಳು, ಆದರೆ ತಮಾಷೆಗಲ್ಲ ಎಂದು ನನಗೆ ತಿಳಿಯಿತು. ದೊಡ್ಡವ್ವನ ಮಂಡಿ ಅಷ್ಟು ಹೊತ್ತಿನ ರೈಲು ಪ್ರಯಾಣ ತಡೆಯುವಂತಿರಲಿಲ್ಲ. ಊರಿನಲ್ಲಿದ್ದ ಅಣ್ಣನಿಗೆ ಹಸು, ನಾಟಿ ಕೆಲಸ ಬಿಟ್ಟು ಬರಲಾಗುತ್ತಿರಲಿಲ್ಲ. ನಾನು ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಟೀಚರ್. ದಿನಾ ಹಾಸನದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ದಿನಗಳಲ್ಲಿ ದಸರಾ ರಜೆ ಇತ್ತು. ಹಾಗಾಗಿ ಇಬ್ಬರನ್ನೂ ವಿಮಾನದಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಟಿಕೆಟ್ ನಾನೇ ತೆಗೆಯುತ್ತೇನೆ ಎಂದು ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. ಮಗಳ ಮನೆಗೆ ಹೋಗುವುದಕ್ಕೆ ತಾಯಿಯೇ ದುಡ್ಡು ಕೊಡಬೇಕು, ಮೂರು ಜನದ್ದೂ ತಾನೇ ಕೊಡುವುದು ಎಂದರು. ಡೇರಿಗೆ ಹಾಲು ಹಾಕಿದ ದುಡ್ಡು ಅವರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಕಾರ್ಡೂ ಇದೆ. ಸರಿ, ಹಾಗಾದರೆ ಕಾರ್ಡಿನ ಮೇಲಿರುವ ನಂಬರ್ ಓದಿ ಹೇಳಿ ಎಂದೆ.

“ಫೋನ್ನಾಗೆ ನಂಬರ್ ಯಾರ್ಗೂ ಯೋಳ್ಬ್ಯಾಡಿ ಅಂತ ಬ್ಯಾಂಕ್ನೋರು ಯೋಳವ್ರೆ ಕಣವ್ವ,” ಎಂದರು ದೊಡ್ಡವ್ವ. “ಭಾನ್ವಾರ ನಾನೇ ಕಾರ್ಡ್ ತಕಂಡು ಬತ್ತೀನಿ.”

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹಾಸನದ ನಮ್ಮ ಮನೆಗೆ ದೊಡ್ಡವ್ವ ಅಲ್ಲಿಯವರೆಗೆ ಒಮ್ಮೆಯೂ ಬಂದವರಲ್ಲ.

ಅವ್ವನಿಗೆ ವಿಷಯ ತಿಳಿಸಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸದೆ, ಭಾನುವಾರ ತಾನೆ ಎಂದಷ್ಟೇ ಕೇಳಿದಳು. ಶನಿವಾರ ಬೆಳಿಗ್ಗೆ ಎದ್ದು ಕರ್ಟನ್‌ಗಳನ್ನೆಲ್ಲ ಒಗೆದು ಹಾಕಿದಳು. ನಡುಮನೆಯ ಗೋಡೆಯ ಮೇಲಿದ್ದ ಅಪ್ಪನ ಫೋಟೊ ಕೆಳಗಿಳಿಸಿ, ಒರೆಸಿ, ಒಳಗಿನ ಕೋಣೆಗೆ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಅದನ್ನು ಹಿಡಿದುಕೊಂಡೇ ಹೊರಗೆ ಬಂದು, ಇದ್ದ ಮೊಳೆಗೇ ಮತ್ತೆ ತಗುಲಿಸಿದಳು. ನಾನು ನೋಡಿಯೂ ನೋಡದವಳಂತೆ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಭಾನುವಾರ ಬಸ್‌ ಸ್ಟ್ಯಾಂಡಿನಿಂದ ದೊಡ್ಡವ್ವನನ್ನು ಆಟೋದಲ್ಲಿ ಕರೆದುಕೊಂಡು ಬಂದೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಂದು ಕ್ಷಣ ನಿಂತು ಒಳಗೆ ನೋಡಿದರು. ಅವ್ವ ಚೊಂಬಿನಲ್ಲಿ ನೀರು ತಂದು, ಬನ್ನಿ ಅಕ್ಕ ಎಂದಳು. ದೊಡ್ಡವ್ವ ನೀರು ಕುಡಿದು ಕುರ್ಚಿಯಲ್ಲಿ ಕುಳಿತು, ಗೋಡೆಯ ಮೇಲಿನ ಫೋಟೊವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಅಪ್ಪ ಕಂದು ಬಣ್ಣದ ಸ್ವೆಟರ್ ಹಾಕಿಕೊಂಡಿದ್ದ.

“ಈ ಸ್ವೆಟ್ರು ನಾನು ನೋಡೇ ಇಲ್ವಲ್ಲ,” ಎಂದರು.

“ಇಲ್ಲಿ ಚಳಿ ಜಾಸ್ತಿ ಅಂತ ತಗೊಂಡಿದ್ರು,” ಎಂದಳು ಅವ್ವ. ಊರಿಗೆ ಹೋಗುವಾಗ ಅದನ್ನು ಇಲ್ಲೇ ಬಿಚ್ಚಿಟ್ಟು ಹೋಗುತ್ತಿದ್ದ ಎಂಬುದು ನಮಗೆ ಮೂವರಿಗೂ ಆಗಲೇ ಹೊಳೆದಿರಬೇಕು. ನಾನು ಲ್ಯಾಪ್‌ಟಾಪ್ ತಂದು ಟೀಪಾಯಿಯ ಮೇಲಿಟ್ಟು ಕುಳಿತೆ. ಅವರಿಬ್ಬರೂ ನನ್ನ ಎರಡು ಪಕ್ಕದಲ್ಲಿ ಕುಳಿತರು.

ವಿಮಾನ ಆರಿಸಿದ್ದಾಯಿತು. ಮುಂದೆ ಪ್ರಯಾಣಿಕರ ಹೆಸರು ತುಂಬಬೇಕು. ಮೊದಲ ಹೆಸರಿಗೊಂದು ಜಾಗ, ಕೊನೆಯ ಹೆಸರಿಗೊಂದು ಜಾಗ. ಎರಡನ್ನೂ ತುಂಬದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಅವ್ವನ ಆಧಾರ್ ಕಾರ್ಡಿನಲ್ಲಿ ಅವಳ ಹೆಸರಿನ ಮುಂದೆ ಅಪ್ಪನ ಹೆಸರೂ ಇದೆ. ಕೆಲಸಕ್ಕೆ ಸೇರುವಾಗ ಬರೆಸಿದ್ದು ಹಾಗೇ ಎಲ್ಲ ಕಡೆ ಮುಂದುವರಿದಿತ್ತು. ಅದನ್ನು ತುಂಬಿದೆ. ದೊಡ್ಡವ್ವನ ಆಧಾರ್ ಕಾರ್ಡು ತೆಗೆದುಕೊಂಡು ನೋಡಿದರೆ ಅದರಲ್ಲಿ ಇರುವುದು ಅವರ ಹೆಸರೊಂದೇ. ನನ್ನ ಕೈ ಅಲ್ಲೇ ನಿಂತಿತು. ಏನಾಯಿತು ಎಂದು ಅವರು ಕೇಳಿದರು. ಹೇಳದೆ ವಿಧಿ ಇರಲಿಲ್ಲ. ಇದಕ್ಕೆ ಕೊನೆಗೊಂದು ಹೆಸರು ಬೇಕಂತೆ, ನಿಮ್ಮ ಕಾರ್ಡಿನಲ್ಲಿ ಒಂದೇ ಇದೆ ಎಂದೆ.

“ಅವಳ್ದು ಏನಂತ ಆಕ್ದೆ?”

“ಅಪ್ಪನ ಹೆಸರು,” ಎಂದೆ.

ಅವ್ವ ತಲೆ ತಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಂಡಳು. ಲಗ್ನಪತ್ರಿಕೆ ಅಚ್ಚು ಹಾಕಿಸಿ, ಊರೆಲ್ಲ ಕರೆದು ಮದುವೆಯಾದವರು ದೊಡ್ಡವ್ವ. ಹೆಸರು ಇರುವುದು ಅವ್ವನ ಕಾರ್ಡಿನಲ್ಲಿ. ನಾನು ಬೇಗ ಬೇಗ ಆ ಪುಟದಲ್ಲಿದ್ದ ಸೂಚನೆಯನ್ನು ಓದಿ ಹೇಳಿದೆ: ಒಂದೇ ಹೆಸರು ಇರುವವರು ಅದನ್ನೇ ಎರಡೂ ಜಾಗದಲ್ಲಿ ಬರೆಯಬೇಕಂತೆ, ಕಾರ್ಡಿನಲ್ಲಿ ಇಲ್ಲದ ಹೆಸರು ಹಾಕುವ ಹಾಗಿಲ್ಲವಂತೆ.

ದೊಡ್ಡವ್ವ ಸ್ವಲ್ಪ ಯೋಚನೆ ಮಾಡಿದರು. “ಅಂಗಾರೆ ಎರಡು ಕಡೇಲೂ ನಾನೇಯಾ?”

“ಹೌದು ದೊಡ್ಡವ್ವ.”

“ಅಂಗೇ ಇರ್ಲಿ ಬುಡು. ಬರಿ.”

ಬರೆದೆ. ಅವರ ಹೆಸರು ಪರದೆಯ ಮೇಲೆ ಜೋಡಿಯಾಗಿ ಮೂಡಿತು. ಅವರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿ ನೋಡಿದರು. ಇಂಗ್ಲಿಷ್ ಓದಲು ಬರದಿದ್ದರೂ ಎರಡೂ ಒಂದೇ ಎನ್ನುವುದು ಗೊತ್ತಾಗುತ್ತಿತ್ತು. ಅವರಿಗೆ ಅದು ಬೇಸರವೆನಿಸಲಿಲ್ಲ ಎಂದೇ ನನಗೆ ಕಂಡಿತು. ಮಂಡಿನೋವಿನ ಕಾರಣಕ್ಕೆ ಅವರ ಹೆಸರಿಗೆ ವೀಲ್‌ಚೇರ್ ಬೇಕೆಂದೂ ಗುರುತು ಹಾಕಿದೆ.

ಆಮೇಲೆ ಸೀಟಿನ ನಕ್ಷೆ ಬಂತು. ಸಾಲುಸಾಲಾಗಿ ಬಣ್ಣದ ಚೌಕಗಳು. ಇವೇ ಸೀಟುಗಳು, ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಆರಿಸಿಕೊಂಡರೆ ಬೇರೆ ದುಡ್ಡು ಎಂದು ವಿವರಿಸಿದೆ. ಟಿಕೆಟ್ ತೆಗೆದುಕೊಂಡ ಮೇಲೆ ಕೂರುವುದಕ್ಕೂ ದುಡ್ಡು ಕೊಡಬೇಕೇ ಎಂದು ದೊಡ್ಡವ್ವ ಕೇಳಿದರು. ಆರಿಸದಿದ್ದರೆ ಅವರೇ ಎಲ್ಲಾದರೂ ಕೊಡುತ್ತಾರೆ, ಮೂವರೂ ಒಂದೊಂದು ಕಡೆ ಆಗಬಹುದು ಎಂದೆ. ಹೇಳಿದ ಮೇಲೆ, ಅದೇ ಇವರಿಬ್ಬರಿಗೂ ಬೇಕಾಗಿರಬಹುದು ಎನಿಸಿ ಸುಮ್ಮನೆ ಕಾದೆ. ಬೇರೆ ಬೇರೆ ಹಾಕು ಎಂದು ಅವ್ವ ಹೇಳಲಿಲ್ಲ, ದೊಡ್ಡವ್ವನೂ ಹೇಳಲಿಲ್ಲ. ಒಟ್ಟಿಗೆ ಹಾಕು ಎಂದೂ ಯಾರೂ ಹೇಳಲಿಲ್ಲ. ಕೊನೆಗೆ ನಾನೇ ತೀರ್ಮಾನ ಮಾಡಿದೆ. ಒಂದೇ ಸಾಲಿನ ಮೂರು ಸೀಟು: ಕಿಟಕಿಗೆ ದೊಡ್ಡವ್ವ, ಓಡಾಡುವ ದಾರಿಯ ಪಕ್ಕ ಅವ್ವ, ನಡುವೆ ನಾನು. ನಡುವಿನ ಸೀಟಿಗೆ ದರ ಎಲ್ಲಕ್ಕಿಂತ ಕಡಿಮೆ. ಯಾರೂ ಅದನ್ನು ಇಷ್ಟಪಟ್ಟು ಆರಿಸಿಕೊಳ್ಳುವುದಿಲ್ಲವಂತೆ. ನನಗೆ ಮಾತ್ರ ಅದು ಚಿಕ್ಕಂದಿನಿಂದ ಅಭ್ಯಾಸವಾದ ಜಾಗ.

ದುಡ್ಡು ಕಟ್ಟುವ ಪುಟಕ್ಕೆ ಬಂದರೆ ಮೊತ್ತ ಇನ್ನಷ್ಟು ಬೆಳೆದಿತ್ತು. ಇದೇನು ಹೆಚ್ಚಿಗೆ ಎಂದು ಅವ್ವ ಬೆರಳಿಟ್ಟು ಕೇಳಿದಳು. ಅದು ಅನುಕೂಲ ಶುಲ್ಕ, ಕಾರ್ಡಿನಲ್ಲಿ ಕಟ್ಟುವುದಕ್ಕೆ ಒಬ್ಬೊಬ್ಬರಿಗೆ ಇಷ್ಟು ಅಂತ ಹಾಕುತ್ತಾರೆ ಎಂದೆ. ಯಾರಿಗೆ ಅನುಕೂಲ ಎಂದಳು. ನಮಗೇ, ಎಲ್ಲಿಗೂ ಹೋಗದೆ ಮನೆಯಲ್ಲೇ ಕುಳಿತು ಟಿಕೆಟ್ ತೆಗೆಯುತ್ತೇವಲ್ಲ, ಅದಕ್ಕೆ ಎಂದು ಹೇಳಿದೆ.

“ನಾನು ನರ್ಸೀಪುರದಿಂದ ನಿಂತ್ಕಂಡೇ ಬಂದಿವ್ನಿ ಬಸ್ನಾಗೆ,” ಎಂದರು ದೊಡ್ಡವ್ವ, ಸಹಜವಾಗಿ.

ಅವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದರೂ ಭುಜ ಅಲುಗುತ್ತಿತ್ತು. ದೊಡ್ಡವ್ವ ಅವಳತ್ತ ತಿರುಗಿ ನೋಡಿದರು. ಆಮೇಲೆ ಅವರ ಮುಖವೂ ಸಡಿಲವಾಯಿತು.

ಕಾರ್ಡಿನ ನಂಬರ್ ಹಾಕಿ ಒತ್ತಿದೆ. ಪಾವತಿ ಆಗಲಿಲ್ಲ. ಆ ಕಾರ್ಡಿನಿಂದ ಆನ್‌ಲೈನ್ ವ್ಯವಹಾರಕ್ಕೆ ಅನುಮತಿ ಇಲ್ಲ, ಬ್ಯಾಂಕಿನ ಎಟಿಎಮ್ಮಿಗೆ ಹೋಗಿ ಅದನ್ನು ಚಾಲು ಮಾಡಿಕೊಳ್ಳಬೇಕು ಎಂದು ಸೂಚನೆ ಬಂತು. ನನ್ನ ಕಾರ್ಡಿನಲ್ಲೇ ಕಟ್ಟಿಬಿಡಲೇ ಎಂದು ಕೇಳಿದೆ. ದೊಡ್ಡವ್ವ ಬೇಡವೆಂದು ತಲೆ ಆಡಿಸಿದರು. ಆ ಬ್ಯಾಂಕಿನ ಎಟಿಎಂ ನಮ್ಮ ರಸ್ತೆಯ ಕೊನೆಯಲ್ಲೇ ಇದೆ. ಕಾರ್ಡು, ಪಿನ್ ಕೊಟ್ಟರೆ ನಾನು ಹೋಗಿ ಬರುತ್ತೇನೆ ಎಂದೆ. ಪಿನ್ನನ್ನೂ ಯಾರಿಗೂ ಹೇಳಬಾರದಂತೆ. ಸ್ಕೂಟರಿನ ಹಿಂದೆ ಅವರು ಹತ್ತಲಾರರು. ಜೊತೆಗೆ, ಆರಿಸಿದ ಸೀಟು ಕೈತಪ್ಪಬಾರದೆಂದರೆ ಒಬ್ಬರು ಕಂಪ್ಯೂಟರ್ ಮುಂದೆ ಇರಬೇಕು ಎಂದು ನಾನು ನಂಬಿದ್ದೆ. ಅಷ್ಟರಲ್ಲಿ ಅವ್ವ ಚಪ್ಪಲಿ ಮೆಟ್ಟಿ ಕೊಡೆ ತೆಗೆದುಕೊಂಡಿದ್ದಳು.

“ಬನ್ನಿ ಅಕ್ಕ, ನಾನು ಕರ್ಕೊಂಡೋಗ್ತೀನಿ. ನಿಧಾನ್ವಾಗಿ ನಡೆಯೋಣ.”

ಅವರು ಹೊರಟ ಸ್ವಲ್ಪ ಹೊತ್ತಿಗೇ ಪುಟದ ಗಡುವು ಮುಗಿದು ಎಲ್ಲ ಅಳಿಸಿಹೋಯಿತು. ಮತ್ತೆ ಮೊದಲಿನಿಂದ ಹುಡುಕಿದರೆ ಟಿಕೆಟ್ ದರ ಏರಿತ್ತು. ಹೆಸರುಗಳನ್ನು ಮತ್ತೆ ತುಂಬಿ, ಅದೇ ಮೂರು ಸೀಟು ಆರಿಸಿದೆ. ಐದು ನಿಮಿಷದ ದಾರಿಗೆ ಅವರು ಹೋಗಿ ಬಹಳ ಹೊತ್ತಾಗಿತ್ತು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ, ಗೇಟಿನ ಹತ್ತಿರ ಹೋಗಿ ನಿಂತೆ. ಕೊನೆಗೂ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರು. ಬಿಸಿಲಿಗೆ ಅವ್ವ ಕೊಡೆಯನ್ನು ಇಬ್ಬರಿಗೂ ಆಗುವಂತೆ ಹಿಡಿದಿದ್ದಳು. ದೊಡ್ಡವ್ವ ಅವಳ ಮುಂಗೈ ಹಿಡಿದು ಹೆಜ್ಜೆ ಹಾಕುತ್ತಿದ್ದರು. ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬೆಳಿಗ್ಗೆ ಬರಿಗೈಯಲ್ಲಿ ಬಂದುಬಿಟ್ಟೆ ಎಂದು ದಾರಿಯಲ್ಲಿ ಕೊಂಡರಂತೆ. ಎಟಿಎಮ್ಮಿನಲ್ಲಿ ಅವ್ವ ಓದಿ ಹೇಳಿದ್ದಾಳೆ, ದೊಡ್ಡವ್ವ ಒತ್ತಿದ್ದಾರೆ. ಅವರು ಪಿನ್ ಒತ್ತುವಾಗ ತಾನು ಆ ಕಡೆ ತಿರುಗಿಕೊಂಡಿದ್ದಾಗಿ ಅವ್ವ ನನಗೆ ಬಹಳ ಗಂಭೀರವಾಗಿ ಹೇಳಿದಳು.

ದರ ಏರಿದ್ದನ್ನು ತಿಳಿಸಿದೆ. ಎಟಿಎಮ್ಮಿಗೆ ಹೋಗಿ ಬರುವಷ್ಟರಲ್ಲೇ ಏರಿತೇ ಎಂದು ದೊಡ್ಡವ್ವ ಕೇಳಿದರು. ಆಲೂಗಡ್ಡೆ ಮಂಡಿ ಇದ್ದ ಹಾಗೆ ಅಕ್ಕ, ಬೆಳಿಗ್ಗೆ ಒಂದು ರೇಟು ಮಧ್ಯಾಹ್ನ ಒಂದು ರೇಟು ಎಂದಳು ಅವ್ವ. ಹೌದು, ಅವರೂ ಹಂಗೇ ಅಂತಿದ್ದರು ಎಂದರು ದೊಡ್ಡವ್ವ. ಇಬ್ಬರಿಗೂ ಮಂಡಿಯ ಸುದ್ದಿ ಹೇಳುತ್ತಿದ್ದದ್ದು ಒಬ್ಬನೇ ಮನುಷ್ಯ. ಸ್ವೆಟರಿನ ಆ ಎರಡು ಮಾತು ಬಿಟ್ಟರೆ, ಅಪ್ಪನ ವಿಷಯ ಅವರಿಬ್ಬರ ನಡುವೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈ ಸಲ ಕಾರ್ಡು ಒಪ್ಪಿಕೊಂಡಿತು. ಒಟಿಪಿ ದೊಡ್ಡವ್ವನ ಚಿಕ್ಕ ಫೋನಿಗೆ ಬಂತು. ಅವರು ಫೋನನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ಅನುಮಾನಿಸಿದರು. ಆಮೇಲೆ ಅದನ್ನು ನನಗೆ ಕೊಡದೆ, ನನ್ನ ಮುಂದಿನಿಂದ ಕೈ ಚಾಚಿ ಅವ್ವನಿಗೆ ಕೊಟ್ಟರು. ಅವ್ವ ಒಂದೊಂದೇ ಅಂಕಿ ಓದಿದಳು, ನಾನು ಒತ್ತಿದೆ. ಟಿಕೆಟ್ ಬಂತು. ಮೂವರೂ ಊಟಕ್ಕೆ ಕುಳಿತೆವು. ಸೊಪ್ಪಿನ ಸಾರು, ಮುದ್ದೆ. ಚೆನ್ನಾಗಿದೆ ಎಂದು ದೊಡ್ಡವ್ವ ಹೇಳಲಿಲ್ಲ, ಆದರೆ ಇನ್ನೊಂದು ಸೌಟು ಹಾಕಿಸಿಕೊಂಡರು.

ಹೊರಡುವ ದಿನ ನಾನೂ ಅವ್ವನೂ ಹಾಸನದಲ್ಲಿ ಬಸ್ ಹತ್ತಿದೆವು. ಅಣ್ಣ ದೊಡ್ಡವ್ವನನ್ನು ಚನ್ನರಾಯಪಟ್ಟಣಕ್ಕೆ ಕರೆತಂದು ಅಲ್ಲಿ ನಮ್ಮ ಬಸ್ಸಿಗೇ ಹತ್ತಿಸಿದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ನಮ್ಮ ಟಿಕೆಟ್ ನೋಡಿ, ಬೇರೆ ವಿಮಾನ ಹಾಕಿರುವುದರಿಂದ ಸೀಟುಗಳು ಬದಲಾಗಿವೆ ಎಂದಳು. ಎರಡು ಸೀಟು ಮುಂದೆ ಒಟ್ಟಿಗೆ ಇವೆ, ಮೂರನೆಯದು ತೀರಾ ಹಿಂದೆ, ಸೀಟಿನ ದುಡ್ಡು ವಾಪಸ್ ಬರುತ್ತದೆ ಎಂದಳು. ನನಗೆ ಗಾಬರಿಯಾಯಿತು. ದುಡ್ಡು ಕೊಟ್ಟು ಒಂದೇ ಸಾಲು ಆರಿಸಿದ್ದೇನೆ, ಇವರಿಬ್ಬರೂ ವಯಸ್ಸಾದವರು, ಯಾರನ್ನಾದರೂ ಕೇಳಿ ಬದಲಾಯಿಸಿಕೊಡಿ ಎಂದು ವಾದಕ್ಕೆ ನಿಂತೆ. ವಯಸ್ಸಿನ ಮಾತು ನೆಪ. ಒಂದೂವರೆ ಗಂಟೆ ಇವರು ಪಕ್ಕಪಕ್ಕದಲ್ಲಿ, ನಡುವೆ ನಾನಿಲ್ಲದೆ ಹೇಗೆ ಕೂರುತ್ತಾರೆ ಎಂಬುದೇ ನನ್ನ ಚಿಂತೆ.

ಹಿಂದೆ ವೀಲ್‌ಚೇರಿನಲ್ಲಿ ಕುಳಿತಿದ್ದ ದೊಡ್ಡವ್ವ ನನ್ನ ದುಪಟ್ಟಾ ಎಳೆದರು. “ಯಾಕವ್ವ ಅವಳತ್ರ ಜಗಳ? ನೀನು ಇಂದುಕ್ಕೆ ಓಗು. ನಾವು ಕೂತ್ಕತೀವಿ.”

ನಾನು ಅವ್ವನ ಮುಖ ನೋಡಿದೆ. ಅವಳು ಆಗಲೇ ದೊಡ್ಡವ್ವನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಿದ್ದಳು. ವೀಲ್‌ಚೇರಿನವರ ಜೊತೆ ಒಬ್ಬರು ಮೊದಲೇ ಹತ್ತಬಹುದು ಎಂದು ಸಿಬ್ಬಂದಿ ಹೇಳಿದಾಗ ಅವಳೇ ಹೋದಳು. ನಾನು ಉಳಿದವರ ಜೊತೆ ಸಾಲಿನಲ್ಲಿ ನಿಂತು ಕೊನೆಗೆ ಹತ್ತಿದೆ. ದಾಟಿ ಹೋಗುವಾಗ ನೋಡಿದರೆ ದೊಡ್ಡವ್ವ ಕಿಟಕಿಯ ಪಕ್ಕ, ಅವ್ವ ಅವರ ಪಕ್ಕ. ಅವ್ವ ಬೆಲ್ಟಿನ ಕೊಂಡಿ ಹುಡುಕುತ್ತಿದ್ದಳು. ಇಬ್ಬರೂ ನನ್ನನ್ನು ಗಮನಿಸಲಿಲ್ಲ.

ಹಿಂದಿನಿಂದ ನನಗೆ ಬರೀ ಸೀಟುಗಳ ಬೆನ್ನು ಕಾಣುತ್ತಿತ್ತು. ವಿಮಾನ ಮೇಲೇರಿ ನೆಟ್ಟಗಾದ ಸ್ವಲ್ಪ ಹೊತ್ತಿಗೆ ಅವ್ವ ಸೀಟುಗಳನ್ನು ಹಿಡಿದುಕೊಳ್ಳುತ್ತಾ ಹಿಂದಿನ ಟಾಯ್ಲೆಟ್ಟಿಗೆ ಬಂದಳು. ನನ್ನ ಪಕ್ಕ ನಿಂತಾಗ, ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

“ಅವ್ರೇ ಮಾತಾಡ್ತಾ ಅವ್ರೆ,” ಎಂದಳು ಅವ್ವ, ತಗ್ಗಿದ ದನಿಯಲ್ಲಿ. “ನಂಗೆ ಕಿವಿ ಕಟ್ಕೊಂಡು ಅರ್ಧ ಕೇಳ್ಸಲ್ಲ. ಆದ್ರೂ ಹೂಂ ಅಂತಾ ಇದೀನಿ.”

ಅವಳ ಕಣ್ಣು ಕೆಂಪಾಗಿತ್ತು. ಹೆಚ್ಚು ಕೇಳಲು ಅದು ಜಾಗವಲ್ಲ, ಹೋಗು ಎಂದೆ.

ಪುಣೆಯಲ್ಲಿ ಅಕ್ಕ ನಿಲ್ದಾಣದ ಬಾಗಿಲಿಗೇ ಬಂದಿದ್ದಳು. ವೀಲ್‌ಚೇರಿನಲ್ಲಿ ಒಬ್ಬ ತಾಯಿ, ಅದರ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಇನ್ನೊಬ್ಬ ತಾಯಿ ಬರುವುದನ್ನು ನೋಡಿ ನಿಂತುಬಿಟ್ಟಳು. ಬಂದು ಇಬ್ಬರ ಕಾಲನ್ನೂ ಮುಟ್ಟಿದಳು. ಗೃಹಪ್ರವೇಶದ ದಿನ ಹಾಲು ಉಕ್ಕಿಸುವಾಗ ಒಲೆಯ ಹತ್ತಿರ ಇಬ್ಬರಿಗೂ ಮಣೆ ಹಾಕಿಸಿದ್ದಳು. ಅಲ್ಲಿಗೆ ಬಂದಿದ್ದ ಅವಳ ನೆರೆಯವರು ಇವರಿಬ್ಬರನ್ನೂ ಅಕ್ಕತಂಗಿಯರು ಎಂದುಕೊಂಡರು. ಯಾರೂ ತಿದ್ದಲಿಲ್ಲ.

ರಜೆ ಮುಗಿದು ನಾನು ಹಿಂತಿರುಗಿದೆ. ಅವರಿಬ್ಬರೂ ಅಲ್ಲೇ ಉಳಿದು ತಿಂಗಳ ಮೇಲೆ, ಅಕ್ಕ ತೆಗೆದುಕೊಟ್ಟ ಟಿಕೆಟ್ಟಿನಲ್ಲಿ ತಾವೇ ಬಂದರು. ವಿಮಾನದಲ್ಲಿ ದೊಡ್ಡವ್ವ ಏನು ಹೇಳಿದರು ಎಂಬುದನ್ನು ಅವ್ವ ನನಗೆ ತಿಳಿಸಿದ್ದು ಆಮೇಲೆ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಾ ಕುಳಿತಿದ್ದಾಗ. ಅಕ್ಕ ಪಿಯುಸಿಯಲ್ಲಿದ್ದಾಗ ರಜೆಗೆ ಊರಿಗೆ ಹೋಗುತ್ತಿದ್ದಳಲ್ಲ, ಆಗ ದೊಡ್ಡವ್ವ ಮೊದಲು ನೋಡುತ್ತಿದ್ದದ್ದು ಅವಳ ತಲೆಯನ್ನಂತೆ. ಎಣ್ಣೆ ಹಚ್ಚಿ, ಒಂದು ಕೂದಲೂ ಆಚೆ ಬರದ ಹಾಗೆ ಹಾಕಿದ ಜಡೆ. ಬೈಯಬೇಕು ಎಂದು ಕಾದಿದ್ದ ಮಾತೆಲ್ಲ ಆ ಜಡೆ ನೋಡಿ ನುಂಗಿಕೊಳ್ಳುತ್ತಿದ್ದರಂತೆ. ಅವತ್ತೇ ಬಂದು ಹೇಳಬೇಕಿತ್ತು, ಬರಲಿಲ್ಲ ಎಂದರಂತೆ.

“ಆಮೇಲೆ ಇನ್ನೂ ಏನೋ ಹೇಳಿದ್ರು ಕಣೆ,” ಎಂದಳು ಅವ್ವ. “ಕಿವಿ ಕಟ್ಕೊಂಡಿತ್ತು, ಕೇಳಿಸ್ಲಿಲ್ಲ. ಏನಂದ್ರಿ ಅಕ್ಕ ಅಂದೆ. ಒಂದ್ಸಲ ಯೋಳಾಯ್ತಲ್ಲ, ಸುಮ್ಕಿರು ಅಂದ್ಬುಟ್ರು.”

ಈಗ ದೊಡ್ಡವ್ವ ಮಂಡಿಯ ಡಾಕ್ಟರಿಗೆ ತೋರಿಸಲು ಹಾಸನಕ್ಕೆ ಬಂದಾಗೆಲ್ಲ ನಮ್ಮ ಮನೆಯಲ್ಲಿ ಒಂದೆರಡು ದಿನ ಉಳಿಯುತ್ತಾರೆ. ನಾನು ಚನ್ನರಾಯಪಟ್ಟಣದಿಂದ ಸಂಜೆ ಬರುವಷ್ಟರಲ್ಲಿ ಇಬ್ಬರೂ ವರಾಂಡದಲ್ಲಿ ಕುಳಿತು ಏನಾದರೊಂದು ಕೆಲಸ ಮಾಡುತ್ತಿರುತ್ತಾರೆ, ಹೆಚ್ಚು ಮಾತಿಲ್ಲದೆ. ನನ್ನನ್ನು ಕಂಡರೆ ಅವ್ವ ಕಾಫಿಗೆ ಏಳುತ್ತಾಳೆ. ನೀನು ಕೂತ್ಕೊ, ಹಾಲು ನಾನು ಕಾಯಿಸ್ತೀನಿ ಎಂದು ದೊಡ್ಡವ್ವ ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.